ಸೂತ್ರದಲ್ಲಿ ಇಲ್ಲದ ಅಕ್ಷರ

ತಮ್ಮಾ, ಪಿಯುಸಿಯಲ್ಲಿ ಸೈನ್ಸ್ ತಗೊಂಡು ಕಂಪ್ಲಿಯಿಂದ ಹೊಸಪೇಟೆಗೆ ದಿನಾ ಬಸ್ಸಿನಲ್ಲಿ ಓಡಾಡುತ್ತೀಯ ಎಂದು ನಿಮ್ಮಪ್ಪ ಹೇಳಿದ. ಆಂದೋಲನ ಮತ್ತು ತರಂಗದ ಪಾಠ ತಲೆಗೆ ಹತ್ತುತ್ತಿಲ್ಲ, ಸೂತ್ರಗಳೆಲ್ಲ ಒಂದೇ ಥರ ಕಾಣುತ್ತವೆ ಎಂದು ನೀನು ಬೇಜಾರು ಮಾಡಿಕೊಂಡಿದ್ದೀಯಂತೆ. ವರ್ಷಗಟ್ಟಲೆ ಇದೇ ಪಾಠ ಮಾಡಿದವನಾಗಿ ಒಂದು ಮಾತು ಹೇಳುತ್ತೇನೆ. ಸೂತ್ರದಲ್ಲಿ ಏನೇನಿದೆ ಎಂದು ಎಲ್ಲರೂ ಓದುತ್ತಾರೆ. ನೀನು ಅದರಲ್ಲಿ ಏನಿಲ್ಲ ಎಂದು ಓದು.

ಲೋಲಕವನ್ನೇ ತಗೋ. ಒಂದು ಸಲ ಹೋಗಿ ಬರಲು ಅದು ಹಿಡಿಯುವ ಕಾಲ ಬೇಕೆಂದರೆ ದಾರದ ಉದ್ದವನ್ನು ಗುರುತ್ವದ ಜಿಯಿಂದ ಭಾಗಿಸಿ, ವರ್ಗಮೂಲ ತೆಗೆದು, ಎರಡು ಪೈಯಿಂದ ಗುಣಿಸುತ್ತೀಯ. ಗುಂಡಿನ ತೂಕ ಎಲ್ಲಿ ಹೋಯಿತು? ಸಂಡೂರಿನ ಅದಿರಿನ ಒಂದು ಚೂರು, ಅದೇ ಗಾತ್ರದ ಗ್ರಾನೈಟ್ ಕಲ್ಲಿನ ಇನ್ನೊಂದು ಚೂರು ಹುಡುಕು. ಅಂಗೈಯಲ್ಲಿ ಹಿಡಿದರೆ ಅದಿರು ಹೆಚ್ಚುಕಡಿಮೆ ಎರಡರಷ್ಟು ಭಾರ ಇರುತ್ತದೆ. ಎರಡನ್ನೂ ಒಂದೇ ಉದ್ದದ ದಾರಕ್ಕೆ ಕಟ್ಟಿ, ಒಟ್ಟಿಗೆ ಬಿಡು. ಜೊತೆಯಾಗಿಯೇ ಹೋಗುತ್ತವೆ, ಜೊತೆಯಾಗಿಯೇ ಬರುತ್ತವೆ. ಭಾರದ ಕಲ್ಲನ್ನು ಭೂಮಿ ಹೆಚ್ಚು ಜಗ್ಗುತ್ತದೆ, ನಿಜ. ಆದರೆ ಅದನ್ನು ಅಲುಗಿಸುವುದೂ ಅಷ್ಟೇ ಕಷ್ಟ. ಎರಡೂ ಸರಿಸಮ ಕಳೆದುಹೋಗುವುದರಿಂದ ತೂಕಕ್ಕೆ ಸೂತ್ರದಲ್ಲಿ ಜಾಗವೇ ಉಳಿಯಲಿಲ್ಲ.

ಲ್ಯಾಬಿನಲ್ಲಿ ಇದನ್ನೇ ಅಳೆಯುವಾಗ ಒಂದು ವಿಷಯ ಗಮನದಲ್ಲಿಡು. ಗುಂಡನ್ನು ಬಿಟ್ಟ ಕ್ಷಣವೇ ಹುಡುಗರು ‘ಒಂದು’ ಎಂದುಬಿಡುತ್ತಾರೆ. ಬಾಯಿ ಇಪ್ಪತ್ತು ಎಂದಾಗ ಲೋಲಕ ಆಡಿರುವುದು 19 ಸಲ ಮಾತ್ರ. ಆ ಒಂದು ಎಣಿಕೆಯ ತಪ್ಪಿಗೆ ಜಿ ಬೆಲೆ 9.78 ಬರಬೇಕಾದದ್ದು 10.8 ಆಗಿ ಕೂರುತ್ತದೆ. ಕೊನೆಗೆ ಅಳತೆಯನ್ನೇ ತಿದ್ದಿ ರೆಕಾರ್ಡ್ ಬುಕ್ಕಿನಲ್ಲಿ 9.8 ಬರೆಯುತ್ತಾರೆ. ಆ ಕೆಲಸ ಯಾವತ್ತೂ ಮಾಡಬೇಡ. ಸೊನ್ನೆಯಿಂದ ಎಣಿಸು. ಗುಂಡು ತುದಿಗೆ ಹೋದಾಗ ಸ್ಟಾಪ್‌ವಾಚ್ ಒತ್ತಬೇಡ. ಅಲ್ಲಿ ಅದು ತಡೆದು ನಿಂತಂತೆ ಇರುತ್ತದೆ, ಯಾವ ಕ್ಷಣ ತಿರುಗಿತು ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ನಡುವೆ ಒಂದು ಗುರುತು ಹಾಕಿಕೋ. ಗುಂಡು ಅತಿ ವೇಗವಾಗಿ ದಾಟುವುದು ಅಲ್ಲೇ, ಹಾಗಾಗಿ ಅನುಮಾನಕ್ಕೆ ಎಡೆಯೂ ಕಡಿಮೆ. ಉದ್ದ ಅಳೆಯುವಾಗ ದಾರ ಮಾತ್ರ ಸಾಲದು, ಗುಂಡಿನ ನಡುಮಧ್ಯದವರೆಗೆ ಅಳೆಯಬೇಕು. ಒಂದು ಮೀಟರಿಗೆ ಎರಡು ಸೆಕೆಂಡು, ಕಾಲು ಮೀಟರಿಗೆ ಒಂದು ಸೆಕೆಂಡು ಬಂದರೆ ನಿನ್ನ ಕೈ ಪಳಗಿತು ಎಂದೇ ಲೆಕ್ಕ.

ಲೋಲಕದ ಸೂತ್ರದಲ್ಲಿ ತೂಕ ಇಲ್ಲ, ಜಿ ಇದೆ. ಇದರಿಂದ ಎಷ್ಟು ದೊಡ್ಡ ಕೆಲಸ ಆಯಿತು ನೋಡು. 1865ರಿಂದ ಬಸೆವಿ ಎಂಬ ಸರ್ವೆ ಅಧಿಕಾರಿ ಲೋಲಕದ ಪೆಟ್ಟಿಗೆ ಹೊತ್ತು, ಕನ್ಯಾಕುಮಾರಿ ಸೀಮೆ, ಬೆಂಗಳೂರು, ಬಡಗಣ ನಾಡು ಎನ್ನದೆ ನಿಲ್ದಾಣ ನಿಲ್ದಾಣದಲ್ಲೂ ಭೂಮಿಯ ಸೆಳೆತ ಅಳೆಯುತ್ತಾ ಹೋದ. 1871ರಲ್ಲಿ ಲಡಾಖಿನ ಮೋರೆ ಬಯಲಿನಲ್ಲೂ ಅಳತೆ ಮಾಡಿ, ಆ ಕೆಲಸ ಮುಗಿಯುವ ಮುನ್ನವೇ ತೀರಿಕೊಂಡ. ಸುತ್ತ ಅಷ್ಟು ದೊಡ್ಡ ಪರ್ವತಗಳಿದ್ದರೂ ಅಲ್ಲಿ ಸೆಳೆತ ಲೆಕ್ಕಕ್ಕಿಂತ ಕಡಿಮೆ ಬಂದಿತ್ತು. ಹಿಮಾಲಯದ ಬುಡದಲ್ಲಿ ಹಗುರ ಬಂಡೆ ಆಳದವರೆಗೆ ಇಳಿದಿದೆ ಎಂಬ ತಿಳಿವಳಿಕೆಗೆ ಇಂಥ ಅಳತೆಗಳೂ ಆಧಾರ. ನೀನು ದಾರಕ್ಕೆ ಕಟ್ಟಿದ ಕಲ್ಲು ಮಾಡುವುದೂ ಅದೇ ಅಳತೆಯನ್ನು.

ಸ್ಪ್ರಿಂಗಿಗೆ ಬಂದರೆ ಕಥೆ ತಿರುವುಮುರುವು. ಅಲ್ಲಿ ತೂಕ ಇದೆ, ಜಿ ಇಲ್ಲ. ಸಂಡೂರು–ತೋರಣಗಲ್ಲು ರಸ್ತೆಯ ಬದಿ ನಿಂತು ಅದಿರು ಲಾರಿಗಳನ್ನು ನೋಡು. ಖಾಲಿ ಲಾರಿ ಗುಂಡಿಗೆ ಬಿದ್ದರೆ ಗಡಗಡ ಕುಣಿಯುತ್ತದೆ. ಲೋಡಾದ ಲಾರಿ ನಿಧಾನಕ್ಕೆ ಕುಸಿದು, ನಿಧಾನಕ್ಕೆ ಏಳುತ್ತದೆ. ಸ್ಪ್ರಿಂಗಿನ ಪಾಟಾ ಅವೇ, ಭಾರ ಬೇರೆ. ಭಾರ ನಾಲ್ಕು ಪಟ್ಟಾದರೆ ಕುಣಿತದ ಕಾಲ ಎರಡು ಪಟ್ಟು. ಇಷ್ಟು ಭಾರವನ್ನು ಭೂಮಿಯೇ ಜಗ್ಗುತ್ತಿರುವಾಗ ಜಿ ಯಾಕಿಲ್ಲ? ಗುರುತ್ವ ಲಾರಿಯನ್ನು ಪಾಟಾಗಳ ಮೇಲೆ ಒಂದಿಷ್ಟು ಕೆಳಕ್ಕೆ ಕೂರಿಸುತ್ತದೆ, ಅಷ್ಟೇ. ಅಲ್ಲಿಂದ ಮೇಲೆ ಕೆಳಗೆ ಆಡುವಾಗಲೆಲ್ಲ ಅದರ ಸೆಳೆತ ಒಂದೇ ಸಮ ಇರುತ್ತದೆ. ಹೆಚ್ಚುಕಡಿಮೆ ಆಗುವುದು ಪಾಟಾದ ಒತ್ತಡ. ವಾಪಸ್ ತರುವ ಕೆಲಸ ಪೂರಾ ಅದರದೇ.

ಇನ್ನು ಶಬ್ದದ ಅಲೆ. ಗಾಳಿಯಲ್ಲಿ ಅದರ ವೇಗ ನಮ್ಮ ಬಿಸಿಲಿಗೆ ಸೆಕೆಂಡಿಗೆ ಸುಮಾರು 350 ಮೀಟರ್. ಆ ವೇಗದ ಸೂತ್ರದಲ್ಲಿ ಜೋರು ಇಲ್ಲ, ಆವೃತ್ತಿಯೂ ಇಲ್ಲ. ಹಂಪಿ ಜಾತ್ರೆಯಲ್ಲಿ ತೇರು ಎಳೆಯುವಾಗ ಮಾತಂಗ ಬೆಟ್ಟದ ಮೇಲಿದ್ದರೆ ಡೊಳ್ಳಿಗೆ ಕೋಲು ಬಿದ್ದದ್ದು ಮೊದಲು ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. ಆದರೆ ಡೊಳ್ಳಿನ ದಪ್ಪ ದನಿಯೂ ಶಹನಾಯಿಯ ಸಣ್ಣ ದನಿಯೂ ಒಟ್ಟಿಗೇ ಬರುತ್ತವೆ. ಆವೃತ್ತಿಗೊಂದು ವೇಗ ಇದ್ದಿದ್ದರೆ ದೂರ ಹೋದಷ್ಟೂ ತಾಳ ಒಂದು ಕಡೆ, ರಾಗ ಒಂದು ಕಡೆ ಆಗಿ ಮೇಳ ಕೆಟ್ಟುಹೋಗುತ್ತಿತ್ತು. ಹಾಗಂತ ಎಲ್ಲ ಅಲೆಗಳೂ ಹೀಗೆಯೇ ಎಂದುಕೊಳ್ಳಬೇಡ. ಹೊಸಪೇಟೆ ಡ್ಯಾಮಿನ ಹಿನ್ನೀರಿನ ಆಳದ ಕಡೆ ಉದ್ದನೆಯ ಅಲೆ ಮುಂದೆ ಹೋಗುತ್ತದೆ, ಗಿಡ್ಡ ಅಲೆ ಹಿಂದುಳಿಯುತ್ತದೆ. ಅಲ್ಲಿನ ಸೂತ್ರದಲ್ಲಿ ಅಲೆಯ ಉದ್ದ ಇದೆ. ಅಲೆ ದಡ ಮುಟ್ಟಿದರೂ ಹುಟ್ಟು ಹಾಕದ ಹರಿಗೋಲು ಇದ್ದಲ್ಲೇ ಏಳುತ್ತಾ ಇಳಿಯುತ್ತಾ ಇರುವುದನ್ನೂ ಒಮ್ಮೆ ನಿಂತು ನೋಡು. ಸಾಗುವುದು ನೀರಲ್ಲ.

ಹಂಪಿಯ ವಿಜಯ ವಿಠ್ಠಲ ದೇವಸ್ಥಾನದ ಸಪ್ತಸ್ವರ ಕಂಬಗಳ ಬಗ್ಗೆ ನೀನು ಕೇಳೇ ಕೇಳುತ್ತೀಯ. ಕಲ್ಪಾಕ್ಕಂನ ಇಂದಿರಾಗಾಂಧಿ ಪರಮಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಅವನ್ನು ಪರೀಕ್ಷಿಸಿದ್ದಾರೆ. ಕಂಬ ಬಾಗಿ ಬಾಗಿ ಕಂಪಿಸುವುದರಿಂದ ಆ ನಾದ ಹುಟ್ಟುತ್ತದೆ. ಸ್ವರ ಯಾವುದು ಎಂಬುದು ಕಂಬದ ಉದ್ದ, ದಪ್ಪ ಮತ್ತು ಕಲ್ಲಿನ ಗುಣದಿಂದ ತೀರ್ಮಾನವಾಗುತ್ತದೆ. ಎಷ್ಟು ಜೋರಾಗಿ ಬಡಿದೆ ಎಂಬುದು ಆ ಲೆಕ್ಕದಲ್ಲಿ ಇಲ್ಲ. ಬಲವಾಗಿ ಬಡಿದವರಿಗೆ ಸದ್ದು ಹೆಚ್ಚಾಯಿತೇ ಹೊರತು ಸ್ವರ ಬದಲಾಗಲಿಲ್ಲ; ಕಲ್ಲು ಸವೆಯಿತು. ಈಗ ಮುಟ್ಟಲು ಬಿಡುವುದಿಲ್ಲ, ಅದೇ ಸರಿ. ನೀನು ಸ್ಟೀಲ್ ಸ್ಕೇಲನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದು ತುದಿ ಮೀಟು. ಮುಂದೆ ಚಾಚಿದ ಉದ್ದ ಎರಡು ಪಟ್ಟು ಮಾಡಿದರೆ ಆವೃತ್ತಿ ಕಾಲುಭಾಗಕ್ಕೆ ಇಳಿಯುತ್ತದೆ. ಲೋಲಕದ ಉದ್ದಕ್ಕೂ ಸ್ಕೇಲಿನ ಉದ್ದಕ್ಕೂ ಎಷ್ಟು ವ್ಯತ್ಯಾಸ ಎಂದು ಕೂತು ಯೋಚಿಸು.

ಇನ್ನೊಂದು ಮುಖ್ಯ ಮಾತು. ಇಲ್ಲದ ಅಕ್ಷರಗಳಲ್ಲಿ ಎರಡು ಜಾತಿ. ಲೋಲಕದ ತೂಕದಂಥವು ಪ್ರಕೃತಿಯಲ್ಲೇ ಕಳೆದುಹೋದವು. ಗಾಳಿಯ ತಡೆ, ಪಾಟಾ ಎಲೆಗಳ ನಡುವಿನ ಉಜ್ಜುವಿಕೆ, ಇವನ್ನು ಪುಸ್ತಕ ಬರೆದವರು ಪಾಠ ಸುಲಭವಾಗಲೆಂದು ಬಿಟ್ಟರು. ಲೋಲಕ ಎಷ್ಟು ಅಗಲ ಆಡುತ್ತದೆ ಎಂಬುದೂ ಹೀಗೆ ಬಿಟ್ಟದ್ದೇ. ಲಂಬದಿಂದ 10 ಡಿಗ್ರಿಯೊಳಗೆ ವ್ಯತ್ಯಾಸ ಸಾವಿರಕ್ಕೆ ಎರಡು ಪಾಲೂ ಇಲ್ಲ. 60 ಡಿಗ್ರಿಗೆ ಹೋದರೆ ಶೇ 7 ದಾಟುತ್ತದೆ. ಪುಸ್ತಕದಲ್ಲಿ ‘ಸಣ್ಣ ಕೋನ’ ಎಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿರುತ್ತಾರೆ, ಅದರ ಕೆಳಗೆ ಗೆರೆ ಎಳೆದುಕೋ.

ನಾಗರ ಪಂಚಮಿಗೆ ಬೇವಿನ ಮರಕ್ಕೆ ಜೋಕಾಲಿ ಕಟ್ಟುತ್ತೀರಲ್ಲ, ಇದನ್ನು ಅಲ್ಲೇ ನೋಡಬಹುದು. ಹಗ್ಗ ನಾಲ್ಕು ಮೀಟರಿದ್ದರೆ ಮೆಲ್ಲಗೆ ತೂಗಿದಾಗ ಒಂದು ಆಟಕ್ಕೆ ಸುಮಾರು ನಾಲ್ಕು ಸೆಕೆಂಡು. ಕೂತು ಆಡುವಾಗಿನ ಕಾಲ ಬೇರೆ ಬರೆ, ನಿಂತು ಆಡುವಾಗಿನದು ಬೇರೆ ಬರೆ. ನಿಂತರೆ ಮೈಯ ಭಾರ ಮೇಲಕ್ಕೆ ಹೋಗಿ ಲೋಲಕದ ಉದ್ದ ಕಡಿಮೆಯಾದಂತೆ. ಆಮೇಲೆ ಜೋರಾಗಿ ಜೀಕುವವರ ಕಾಲವನ್ನೂ ಅಳೆ. ಎಣಿಸುವವನು ನೀನು, ಜೀಕುವವರು ದೊಡ್ಡವರಾಗಲಿ, ಚಿಕ್ಕ ಹುಡುಗರನ್ನು ಅಷ್ಟು ಎತ್ತರಕ್ಕೆ ಬಿಡಬೇಡ. ಅಳತೆ ಬರೆದ ಹಾಳೆ ತಗೊಂಡು ಮನೆಗೆ ಬಾ, ಇಬ್ಬರೂ ಕೂತು ಲೆಕ್ಕ ಹಾಕೋಣ.