ಸೇರುವ ಮುನ್ನ ಕಲಿಸುವವರನ್ನು ನೋಡಿ

ಹೊಸದುರ್ಗದ ಕಡೆಯಿಂದ ದೇವಶಾಸ್ತ್ರ ಓದಲು ಹೊರಟ ತಮ್ಮ ತಂಗಿಯರೇ, ಅರ್ಜಿ ತುಂಬುವ ಮೊದಲು ಒಂದು ಮಾತು. ಕಾಲೇಜಿಗೆ ಸೆರಾಂಪುರ ಸೆನೆಟ್ಟಿನ, ಅಂದರೆ ದೇವಶಾಸ್ತ್ರ ಪದವಿ ಕೊಡುವ ಸೆರಾಂಪುರ ಕಾಲೇಜಿನ ಸೆನೆಟ್ಟಿನ, ಮಾನ್ಯತೆ ಇದೆಯೇ ಎಂದು ವಿಚಾರಿಸಿ. ಬ್ಯಾಪ್ಟಿಸ್ಟ್ ಮಿಷನರಿಗಳಾದ ಕೇರಿ, ಮಾರ್ಷ್‌ಮನ್, ವಾರ್ಡ್ 1818ರಲ್ಲಿ ಕಟ್ಟಿದ ಸೆರಾಂಪುರ ಕಾಲೇಜಿಗೆ ಪದವಿ ಕೊಡುವ ಅಧಿಕಾರ ಬಂದದ್ದು 1827ರಲ್ಲಿ, ಆಗ ಸೆರಾಂಪುರವನ್ನು ಆಳುತ್ತಿದ್ದ ಡೆನ್ಮಾರ್ಕಿನ ದೊರೆಯಿಂದ. ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜು, ಮಂಗಳೂರಿನ ಕರ್ನಾಟಕ ಥಿಯೊಲಾಜಿಕಲ್ ಕಾಲೇಜು ಎರಡೂ ಈ ಸೆನೆಟ್ಟಿಗೆ ಸೇರಿದವು.

ಆಮೇಲೆ ಅಧ್ಯಾಪಕರ ಪಟ್ಟಿ ಓದಿ. ಹೀಬ್ರೂ, ಗ್ರೀಕ್ ಕಲಿಸುವವರು ಕಾಯಂ ಇದ್ದಾರೆಯೇ, ಬಂದುಹೋಗುವವರೇ? ಅಲ್ಲಿ ಓದಿ ಬಂದವರನ್ನು ಕೇಳಿ. ಸಾಧ್ಯವಾದರೆ ಅನುಮತಿ ಪಡೆದು ಒಂದು ತರಗತಿಯಲ್ಲಿ ಕೂತು ಬನ್ನಿ. ಅನುಮಾನ ಎತ್ತಿದ ವಿದ್ಯಾರ್ಥಿಗೆ ಮೇಷ್ಟ್ರು ಹೇಗೆ ಉತ್ತರಿಸುತ್ತಾರೆಂದು ಗಮನಿಸಿ.