ತಂಪು ಗಾಳಿ ಬೇರೆ, ಹೊಸ ಗಾಳಿ ಬೇರೆ

ಹೈದರಾಬಾದಿನ ಬೇಸಿಗೆಯಲ್ಲಿ ಗಿರಾಕಿ ಒಳಗೆ ಕಾಲಿಟ್ಟ ಕೂಡಲೇ ಕೇಳುವುದು ಎಸಿ ಇದೆಯೇ ಎಂದು. ಊಟದ ಮಾತು ಆಮೇಲೆ. ಹಾಗಾಗಿ ನಮ್ಮಲ್ಲಿ ಬಹಳಷ್ಟು ಮಂದಿ ಹಳೆಯ ಹಾಲಿನ ಕಿಟಕಿಗಳನ್ನು ಪ್ಲೈವುಡ್ ಹೊಡೆಸಿ ಮುಚ್ಚಿ, ಸ್ಪ್ಲಿಟ್ ಎಸಿ ಹಾಕಿಸಿದ್ದೇವೆ. ಆದರೆ ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ತರುವುದಿಲ್ಲ. ಹಾಲಿನೊಳಗಿನ ಗಾಳಿಯನ್ನೇ ಎಳೆದು, ತಣ್ಣಗೆ ಮಾಡಿ, ಮತ್ತೆ ಹಾಲಿಗೇ ಬಿಡುತ್ತದೆ. ಹೊರಗಿನ ಪೆಟ್ಟಿಗೆ ಬಿಸಿಯನ್ನು ಮಾತ್ರ ಹೊರಹಾಕುತ್ತದೆ. ನಿಜ ಹೇಳಬೇಕೆಂದರೆ, 2020ರ ತನಕ ನಾವೂ ಇದರ ಬಗ್ಗೆ ಯೋಚಿಸಿರಲಿಲ್ಲ.

ಕೋವಿಡ್ ಕಾಲದಲ್ಲಿ ನಮ್ಮ ಹಬ್ಸಿಗುಡದ ಸಿಸಿಎಂಬಿ ವಿಜ್ಞಾನಿಗಳು ಚಂಡೀಗಢದ ಇಮ್‌ಟೆಕ್ ಸಂಸ್ಥೆಯೊಂದಿಗೆ ಸೇರಿ ಹೈದರಾಬಾದ್ ಮತ್ತು ಮೊಹಾಲಿಯ ಆಸ್ಪತ್ರೆಗಳ ಗಾಳಿಯನ್ನು ಪರೀಕ್ಷಿಸಿದರು. 2022ರಲ್ಲಿ ಪ್ರಕಟವಾದ ವರದಿಯಂತೆ, ಇಬ್ಬರು ಅಥವಾ ಹೆಚ್ಚು ರೋಗಿಗಳಿದ್ದ ಕೋಣೆಯ ಗಾಳಿಯಲ್ಲಿ ವೈರಾಣು ಸಿಗುವ ಸಂಭವ ಶೇ. 75, ಒಬ್ಬ ರೋಗಿ ಇದ್ದಲ್ಲಿ ಅಥವಾ ಯಾರೂ ಇಲ್ಲದಲ್ಲಿ ಶೇ. 15.8. ಐಸಿಯುವಿನಲ್ಲಿ ಮಾತ್ರವಲ್ಲ, ಸಾಮಾನ್ಯ ವಾರ್ಡಿನಲ್ಲೂ ಸಿಕ್ಕಿತು.

ಆಸ್ಪತ್ರೆಯ ಮಾತು ನಮಗೇಕೆ ಎನ್ನುವವರು ಚೀನಾದ ಗ್ವಾಂಗ್‌ಝೌ ನಗರದ ಹೋಟೆಲೊಂದನ್ನು ನೋಡಬೇಕು. 2020ರ ಜನವರಿ 24ರಂದು ಅಲ್ಲಿ ಊಟ ಮಾಡಿದ ಮೂರು ಕುಟುಂಬಗಳ 10 ಮಂದಿಗೆ ಕೋವಿಡ್ ಬಂತು. ಮೂರೂ ಟೇಬಲ್‌ಗಳು ಒಂದೇ ಎಸಿಯ ಗಾಳಿ ಸುತ್ತುವ ಜಾಗದಲ್ಲಿದ್ದವು. ಆಮೇಲೆ ಅಳೆದು ನೋಡಿದರೆ, ಅಲ್ಲಿ ತಲೆಗೆ ಸೆಕೆಂಡಿಗೆ ಸುಮಾರು 1 ಲೀಟರ್ ಹೊಸ ಗಾಳಿ ಮಾತ್ರ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು 10 ಲೀಟರ್.

ಲೆಕ್ಕ ನಮ್ಮ ವ್ಯಾಪಾರದವರಿಗೆ ಕಷ್ಟವಲ್ಲ. 40 ಮಂದಿ ಕೂರುವ ಹಾಲಿಗೆ ಸೆಕೆಂಡಿಗೆ 400 ಲೀಟರ್, ಅಂದರೆ ಗಂಟೆಗೆ 1,440 ಘನ ಮೀಟರ್ ಬೇಕು. ಎಕ್ಸಾಸ್ಟ್ ಫ್ಯಾನಿನ ಡಬ್ಬದ ಮೇಲೆ ಈ ಅಂಕಿ ಬರೆದಿರುತ್ತದೆ. ಪೈಪು, ಜಾಲರಿ ಸೇರಿದರೆ ಅಷ್ಟು ಗಾಳಿ ಬಾರದು, ಆದ್ದರಿಂದ ಸ್ವಲ್ಪ ದೊಡ್ಡದನ್ನೇ ತೆಗೆದುಕೊಳ್ಳಬೇಕು. ಕರೆಂಟು ಬಿಲ್ಲು ಏರುವುದು ಖಂಡಿತ. ಅದಕ್ಕೆ ಹೆದರುವವರು ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವಿನ ಸಮಯದಲ್ಲಾದರೂ ಬಾಗಿಲು ತೆರೆದಿಡಲಿ.

ಗಾಳಿಯ ಪ್ರಮಾಣದಷ್ಟೇ ದಿಕ್ಕೂ ಮುಖ್ಯ. ಕ್ಷಯ ರೋಗಿಯ ಪ್ರತ್ಯೇಕ ಕೋಣೆಯಲ್ಲಿ ಗಾಳಿಯ ಒತ್ತಡವನ್ನು ವರಾಂಡಕ್ಕಿಂತ ಕಡಿಮೆ ಇಡುತ್ತಾರೆ. ಬಾಗಿಲು ತೆರೆದರೂ ಗಾಳಿ ಒಳಗೆ ಹೋಗುತ್ತದೆಯೇ ಹೊರತು ಹೊರಗೆ ಬರುವುದಿಲ್ಲ. ಆಪರೇಷನ್ ಥಿಯೇಟರಿನಲ್ಲಿ ಇದು ತಿರುಗುಮುರುಗು. ನಮ್ಮಲ್ಲಿ ಅಡುಗೆಮನೆ, ಶೌಚಾಲಯ ಎರಡೂ ಮೊದಲನೆಯ ಬಗೆಯಲ್ಲಿರಬೇಕು. ಪರೀಕ್ಷೆ ಸುಲಭ: ಅಡುಗೆಮನೆಯ ಬಾಗಿಲಲ್ಲಿ ಊದುಬತ್ತಿ ಹಿಡಿಯಿರಿ. ಹೊಗೆ ಒಳಗೆ ಹೋದರೆ ಸರಿ. ಒಗ್ಗರಣೆಯ ಘಾಟಿಗೆ ಹಾಲಿನಲ್ಲಿ ಕೂತವರು ಕೆಮ್ಮುತ್ತಿದ್ದರೆ ಊದುಬತ್ತಿಯೂ ಬೇಡ. ನಮ್ಮ ಹೋಟೆಲಿನಲ್ಲಿ ಬಾಗಿಲ ಹೊಗೆ ಸರಿಯಾಗಿಯೇ ಒಳಗೆ ಹೋಯಿತು, ಆದರೆ ಹಾಲಿನಲ್ಲಿ ನಾತ! ಚಿಮಣಿ ಎಳೆಯುವಷ್ಟು ಗಾಳಿ ಹಾಲಿಗೆ ಬರಲು ದಾರಿ ಇರಲಿಲ್ಲ, ಹಾಗಾಗಿ ಶೌಚಾಲಯದ ಕಡೆಯಿಂದ ಎಳೆಯುತ್ತಿತ್ತು. ಜನರೇಟರಿನಿಂದ ದೂರದ ಗೋಡೆಯಲ್ಲಿ ಗಾಳಿ ಬರಲು ಒಂದು ಕಿಂಡಿ ಮಾಡಿಸಿ, ಫಿಲ್ಟರ್ ಹಾಕಿಸಿದ ಮೇಲೆ ಸರಿಹೋಯಿತು.

ಹೊಗೆ ಹಾಕುವ, ಔಷಧಿ ಸಿಂಪಡಿಸುವ ಯಂತ್ರಗಳನ್ನು 2020ರಲ್ಲಿ ಎಷ್ಟೋ ಮಂದಿ ಕೊಂಡರು. ವಿಶ್ವ ಆರೋಗ್ಯ ಸಂಸ್ಥೆ ಅದೇ ವರ್ಷ ಮೇ ತಿಂಗಳಲ್ಲಿ ಇವನ್ನು ಬೇಡವೆಂದಿತ್ತು. ಸುವಾಸನೆಯ ಸ್ಪ್ರೇ ನಾತವನ್ನು ಮುಚ್ಚುತ್ತದೆ, ಅಷ್ಟೇ.

ಹಾಲಿಗಿಂತ ಮೊದಲು ನೋಡಬೇಕಾದದ್ದು ಹುಡುಗರ ರೂಮನ್ನು ಎಂದು ನಮ್ಮ ಅಭಿಪ್ರಾಯ. ಗಿರಾಕಿ ಅರ್ಧ ಗಂಟೆ ಕೂತು ಹೋಗುತ್ತಾನೆ. ಸಪ್ಲೈಯರು, ಅಡುಗೆಯವರು ರಾತ್ರಿಯಿಡೀ ಒಂದೇ ಕೋಣೆಯಲ್ಲಿ ಸಾಲಾಗಿ ಮಲಗುತ್ತಾರೆ. ಕ್ಷಯ ಹರಡುವುದು ಇಂಥಲ್ಲೇ, ಗಾಳಿಯಿಂದಲೇ. ಔಷಧಿ ಇಲ್ಲದ ಕಾಲದಲ್ಲಿ ಕ್ಷಯದ ಆಸ್ಪತ್ರೆಗಳನ್ನು ಗುಡ್ಡದ ಮೇಲೆ, ತೆರೆದ ಜಗಲಿಗಳಿಟ್ಟು ಕಟ್ಟುತ್ತಿದ್ದರು; ವಿಕಾರಾಬಾದ್ ಬಳಿಯ ಅನಂತಗಿರಿಯಲ್ಲೂ ಅಂಥ ಸ್ಯಾನಿಟೋರಿಯಂ ಇತ್ತು. ಎರಡು ವಾರಕ್ಕಿಂತ ಹೆಚ್ಚು ಕೆಮ್ಮುವ ಹುಡುಗನನ್ನು ಊರಿಗೆ ಕಳಿಸಿಬಿಡುವುದು ಸರಿಯಲ್ಲ. ಎರ್ರಗಡ್ಡದ ಸರ್ಕಾರಿ ಚೆಸ್ಟ್ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕ್ಷಯಕ್ಕೆ ಸರ್ಕಾರದಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ. ಇನ್ನು ಆ ರೂಮಿನ ಕಿಟಕಿಗೆ ಸೊಳ್ಳೆ ಜಾಲರಿ ಹೊಡೆಸಿ. ಜಾಲರಿ ಇಲ್ಲದಿದ್ದರೆ ನಾವು ಎಷ್ಟು ಹೇಳಿದರೂ ಹುಡುಗರು ರಾತ್ರಿ ಕಿಟಕಿ ಹಾಕಿಕೊಂಡೇ ಮಲಗುತ್ತಾರೆ.