ಇನ್ವರ್ಟರ್ ಎಷ್ಟು ಆಂಪಿಯರ್ ಎಳೆಯುತ್ತದೆ?

ಮಳೆಗಾಲ ಬಂತೆಂದರೆ ನಮ್ಮ ಶೆಟ್ಟಿಕೊಪ್ಪದಲ್ಲಿ ಮರ ಬಿದ್ದು ಲೈನ್ ಹೋಗುವುದು ಮಾಮೂಲು. ಮೆಸ್ಕಾಂನವರು ಸುರಿಯುವ ಮಳೆಯಲ್ಲೇ ಬಂದು ಸರಿಮಾಡಬೇಕು. ಅಲ್ಲಿಯವರೆಗೆ ಇನ್ವರ್ಟರೇ ಗತಿ. ಕಳೆದ ಜುಲೈನಲ್ಲಿ ನಮ್ಮ ಮನೆಯ ಇನ್ವರ್ಟರ್ ನಾಲ್ಕೇ ಗಂಟೆಗೆ ಕೂಗಿಕೊಂಡು ನಿಲ್ಲತೊಡಗಿತು. ಬ್ಯಾಟರಿ ನಾಲ್ಕು ವರ್ಷ ಹಳೆಯದು. 12 ವೋಲ್ಟ್, 150 ಆಂಪಿಯರ್-ಅವರ್. ನೋಡಿದವರೆಲ್ಲ "ಬ್ಯಾಟರಿ ಮುಗಿದಿದೆ, ಹೊಸದು ಹಾಕಿ" ಎಂದರು. ಅದಕ್ಕೆ ಸುಮಾರು 15,000 ರೂಪಾಯಿ ಬೇಕು. ಅಬ್ಬಾ ನನ್ನ ಮುಂದಿನ ವರ್ಷದ ಫೀಸಿಗೆಂದು ಎತ್ತಿಟ್ಟಿದ್ದ ಹಣಕ್ಕೇ ಕೈ ಹಾಕಬೇಕಿತ್ತು. "ಒಂದು ವಾರ ತಡೀರಿ ಅಬ್ಬಾ, ಅಳೆದು ನೋಡೋಣ" ಎಂದೆ. ಲೆಕ್ಕ ಬರೆಯದೆ ಅಂಗಡಿ ನಷ್ಟದಲ್ಲಿದೆ ಎಂದು ಹೇಳಲಾಗದು ಎಂಬುದು ಅಕೌಂಟೆನ್ಸಿಯಲ್ಲಿ ನಾವು ಕಲಿತದ್ದೇ ಅಲ್ಲವೇ?

ಮಲ್ಟಿಮೀಟರ್ ಕೇಳಲು ಹೋದಾಗ ಭೌತಶಾಸ್ತ್ರದ ಸರ್ ಮೊದಲು ಲೆಕ್ಕ ಮಾಡಿಸಿದರು. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್. ವಾಣಿಜ್ಯದ ಭಾಷೆಯಲ್ಲಿ ಹೇಳುವುದಾದರೆ ವ್ಯಾಟ್ ಎಂದರೆ ಕೊಡಬೇಕಾದ ಮೊತ್ತ, ವೋಲ್ಟ್ ಎಂದರೆ ನಾಣ್ಯದ ಮುಖಬೆಲೆ, ಆಂಪಿಯರ್ ಎಂದರೆ ನಾಣ್ಯಗಳ ಸಂಖ್ಯೆ. ಮುಖಬೆಲೆ ಕಡಿಮೆಯಾದರೆ ಅದೇ ಮೊತ್ತಕ್ಕೆ ಹೆಚ್ಚು ನಾಣ್ಯ ಎಣಿಸಬೇಕು. 100 ವ್ಯಾಟಿಗೆ 230 ವೋಲ್ಟ್ ಲೈನಿನಲ್ಲಿ ಅರ್ಧ ಆಂಪಿಯರ್ ಕೂಡ ಬೇಡ. ಅದನ್ನೇ 12 ವೋಲ್ಟ್ ಬ್ಯಾಟರಿ ಕೊಡಬೇಕಾದರೆ, ಇನ್ವರ್ಟರಿನ ಒಳಗಿನ ನಷ್ಟವೂ ಸೇರಿ ಸುಮಾರು 10 ಆಂಪಿಯರ್ ಬೇಕು.

ಸಾಮಾನ್ಯ ಮಲ್ಟಿಮೀಟರಿನ ಮಿತಿಯೂ 10 ಆಂಪಿಯರೇ, ಅದೂ ಕೆಲವೇ ಸೆಕೆಂಡು. ಹಾಗಾಗಿ ಬ್ಯಾಟರಿ ಮತ್ತು ಇನ್ವರ್ಟರ್ ನಡುವೆ ಅದನ್ನು ನೇರವಾಗಿ ಜೋಡಿಸಿದರೆ ಫ್ಯೂಸ್ ಹೋಗುತ್ತದೆ. ಫ್ಯೂಸ್ ಇಲ್ಲದ ಅಗ್ಗದ ಮೀಟರ್ ಸುಟ್ಟೇ ಹೋಗಬಹುದು. ಇನ್ನೂ ದೊಡ್ಡ ತಪ್ಪು ಒಂದಿದೆ. ಕೆಂಪು ವೈರು 10 ಆಂಪಿಯರ್ ತೂತಿನಲ್ಲಿರುವಾಗ ಎರಡು ಮುಳ್ಳುಗಳನ್ನು ಬ್ಯಾಟರಿಯ ಎರಡು ತುದಿಗೆ ತಾಗಿಸಿದರೆ ಅದು ಶಾರ್ಟ್ ಸರ್ಕ್ಯೂಟ್. ದೊಡ್ಡ ಬ್ಯಾಟರಿ ಆಗ ನೂರಾರು ಆಂಪಿಯರ್ ಹರಿಸುತ್ತದೆ.

ಇದಕ್ಕೆ ದಾರಿ ಷಂಟ್. ಅದು ತೀರಾ ಕಡಿಮೆ ರೋಧವಿರುವ ದಪ್ಪ ಲೋಹದ ಪಟ್ಟಿ. ನಾವು ಬಳಸಿದ್ದರ ಮೇಲೆ 100 ಆಂಪಿಯರ್, 75 ಮಿಲಿವೋಲ್ಟ್ ಎಂದು ಬರೆದಿತ್ತು. ಅಂದರೆ ಅದರಲ್ಲಿ 1 ಆಂಪಿಯರ್ ಹರಿದರೆ ಎರಡು ತುದಿಗಳ ನಡುವೆ 0.75 ಮಿಲಿವೋಲ್ಟ್ ಕಾಣುತ್ತದೆ. ಪ್ರವಾಹವೆಲ್ಲ ಷಂಟಿನಲ್ಲಿ ಹೋಗುತ್ತದೆ. ಮೀಟರ್ ಬರೀ ಮಿಲಿವೋಲ್ಟ್ ಓದುತ್ತದೆ. ಅದನ್ನು 0.75ರಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ.

ಜೋಡಿಸುವಾಗ ಎಲೆಕ್ಟ್ರಿಷಿಯನ್ ಜೊತೆಯಲ್ಲಿದ್ದರು. ಇನ್ವರ್ಟರ್ ಆಫ್ ಮಾಡಿ, ಅದರ ಮೇನ್ ಪ್ಲಗ್ ಕಿತ್ತು, ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ, ಆ ಜಾಗದಲ್ಲಿ ಷಂಟ್ ಕೂರಿಸಿದರು. ಕೈಯಲ್ಲಿ ಉಂಗುರ, ವಾಚು ಇರಬಾರದು. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಬರುವುದರಿಂದ ಕಿಟಕಿ ತೆರೆದಿರಬೇಕು, ಬೆಂಕಿ ಹತ್ತಿರ ಸುಳಿಯಬಾರದು. ಮೀಟರಿನ ಕೆಂಪು ವೈರನ್ನು ವೋಲ್ಟ್ ತೂತಿಗೆ ಹಾಕಿ, ಗುಂಡಿಯನ್ನು ಡಿಸಿ 200 ಮಿಲಿವೋಲ್ಟಿಗೆ ತಿರುಗಿಸಿ, ಮೇನ್ ಪ್ಲಗ್ ಹಾಕದೆಯೇ ಇನ್ವರ್ಟರ್ ಆನ್ ಮಾಡಿದೆವು.

ರಾತ್ರಿ ನಾವು ಬಳಸುವುದು ಒಂದು ಫ್ಯಾನ್, ಎರಡು ಎಲ್‌ಇಡಿ ಬಲ್ಬು, ವೈಫೈ. ಒಟ್ಟು ಸುಮಾರು 100 ವ್ಯಾಟ್. ಇವೆಲ್ಲ ಓಡುವಾಗ ಮೀಟರ್ ತೋರಿಸಿದ್ದು 12.9 ಮಿಲಿವೋಲ್ಟ್, ಅಂದರೆ 17.2 ಆಂಪಿಯರ್. ನನ್ನ ಲೆಕ್ಕದ ಪ್ರಕಾರ 11ರ ಆಸುಪಾಸು ಇರಬೇಕಿತ್ತು. ಟ್ಯಾಲಿ ಆಗಲಿಲ್ಲ. ಎಲ್ಲ ಸ್ವಿಚ್ ಆಫ್ ಮಾಡಿದೆ. ಆಗಲೂ 5.3 ಮಿಲಿವೋಲ್ಟ್, ಅಂದರೆ 7 ಆಂಪಿಯರ್! ಒಂದೊಂದೇ ಪ್ಲಗ್ ಕೀಳುತ್ತಾ ಹೋದೆ. ಅಡುಗೆಮನೆಯ ಮೂಲೆಯ ಪ್ಲಗ್ ಕಿತ್ತಾಗ ಮೀಟರ್ 0.9ಕ್ಕೆ ಇಳಿಯಿತು. ಹಿತ್ತಿಲಿನಿಂದ ದಾದಿಯ ಕೂಗು ಕೇಳಿತು: "ಯಾರೋ ಅದು, ಮರಿಗಳ ಬಲ್ಬು ಆರಿಸಿದ್ದು?"

ಕೋಳಿಮರಿಗಳು ಥಂಡಿಗೆ ಸಾಯುತ್ತವೆಂದು ದಾದಿ ಜೂನಿನಲ್ಲೇ ಗೂಡಿಗೆ 60 ವ್ಯಾಟಿನ ಹಳೇ ನಮೂನೆಯ ಬಲ್ಬು ಹಾಕಿಸಿದ್ದರು. ಅದು ಇನ್ವರ್ಟರ್ ಲೈನಿನಲ್ಲಿದೆ ಎಂಬುದು ನಮಗ್ಯಾರಿಗೂ ಹೊಳೆದಿರಲಿಲ್ಲ. ಬ್ಯಾಟರಿಯಿಂದ ಅದೊಂದೇ ಸುಮಾರು 6 ಆಂಪಿಯರ್ ಎಳೆಯುತ್ತಿತ್ತು.

ಉಳಿದ 0.9 ಮಿಲಿವೋಲ್ಟ್, ಅಂದರೆ 1.2 ಆಂಪಿಯರ್, ಇನ್ವರ್ಟರ್ ಬರೀ ಆನ್ ಆಗಿರುವುದಕ್ಕೆ ತಗಲುವ ಖರ್ಚು. ಅರ್ಥಶಾಸ್ತ್ರದಲ್ಲಿ ಓದುವ ಸ್ಥಿರ ವೆಚ್ಚ ಇದೇ: ಅಂಗಡಿಯಲ್ಲಿ ವ್ಯಾಪಾರ ಆಗದಿದ್ದರೂ ಬಾಡಿಗೆ ಕೊಡಲೇಬೇಕು. ಫ್ಯಾನು, ಬಲ್ಬು ಬದಲಾಗುವ ವೆಚ್ಚ. ಕರೆಂಟ್ ಇಲ್ಲದ 10 ಗಂಟೆಯಲ್ಲಿ ಏನೂ ಬಳಸದಿದ್ದರೂ 12 ಆಂಪಿಯರ್-ಅವರ್ ಖಾಲಿ.

ಇನ್ನೊಂದು ವಿಷಯ. 150 ಆಂಪಿಯರ್-ಅವರ್ ಎಂಬುದು ಸಾಮಾನ್ಯವಾಗಿ 20 ಗಂಟೆಯಲ್ಲಿ ನಿಧಾನವಾಗಿ, ಅಂದರೆ 7.5 ಆಂಪಿಯರಿನಂತೆ ಖಾಲಿ ಮಾಡಿದಾಗಿನ ಲೆಕ್ಕ. ಜೋರಾಗಿ ಎಳೆದರೆ ಒಟ್ಟು ಸಿಗುವುದೇ ಕಡಿಮೆ. ಜರ್ಮನಿಯ ಪಾಯ್ಕರ್ಟ್ ಎಂಬ ವಿಜ್ಞಾನಿ 1897ರಲ್ಲೇ ಇದನ್ನು ಸೂತ್ರವಾಗಿ ಕೊಟ್ಟರು. ಆದ್ದರಿಂದ ಒಂದು ಬಲ್ಬು ತೆಗೆದರೆ ಬರೀ ಭಾಗಾಕಾರದ ಲೆಕ್ಕಕ್ಕಿಂತ ತುಸು ಹೆಚ್ಚೇ ಲಾಭ.

ಈಗ ಕರೆಂಟ್ ಹೋದ ರಾತ್ರಿ ಮರಿಗಳ ಬುಟ್ಟಿ ಬಚ್ಚಲೊಲೆಯ ಪಕ್ಕದಲ್ಲಿರುತ್ತದೆ. ಇನ್ವರ್ಟರ್ ಆರೂವರೆ ಗಂಟೆ ಬರುತ್ತಿದೆ. ಬ್ಯಾಟರಿ ಹಳೆಯದಾಗಿರುವುದು ನಿಜ, ಒಂದು ದಿನ ಬದಲಿಸಲೇಬೇಕು. ಆದರೆ ಈ ವರ್ಷ ಬೇಡ. ಫೀಸಿನ ಹಣ ಹಾಗೇ ಇದೆ. ನಿಮ್ಮ ಮನೆಯ ಇನ್ವರ್ಟರೂ ಬೇಗ ನಿಲ್ಲುತ್ತಿದ್ದರೆ, ಅಂಗಡಿಗೆ ಹೋಗುವ ಮೊದಲು ಒಂದು ಸಂಜೆ ಎಲ್ಲ ಪ್ಲಗ್‌ಗಳನ್ನೂ ಎಣಿಸಿ, ಹಿತ್ತಿಲಿನದನ್ನು ಮರೆಯಬೇಡಿ.